ಹೊಸ ಲ್ಯಾಪ್‌ಟಾಪಿನಲ್ಲಿ ಆಟ ನಿಂತುಹೋಗುವುದೇಕೆ?

ಆಟಗಳಿಗೆಂದೇ ತಯಾರಾದ ಲ್ಯಾಪ್‌ಟಾಪು ಮನೆಗೆ ಬಂದು ಇನ್ನೂ ವಾರ ಕಳೆದಿಲ್ಲ. ಬರೆಹ, ಚಲನಚಿತ್ರ, ಲೆಕ್ಕಪತ್ರ ಎಲ್ಲವೂ ಅದರಲ್ಲಿ ನಿರಾತಂಕವಾಗಿ ನಡೆಯುತ್ತವೆ. ಆಟವನ್ನು ಆರಂಭಿಸಿದ ಹತ್ತು ನಿಮಿಷಕ್ಕೆ ಮಾತ್ರ ಚಿತ್ರ ಸ್ತಬ್ಧವಾಗುತ್ತದೆ. ಮರುಕ್ಷಣ ಆಟವೇ ಮಾಯವಾಗುತ್ತದೆ. ದುಬಾರಿ ಬೆಲೆ ತೆತ್ತು ಕೊಂಡ ಯಂತ್ರ. ಅಂಗಡಿಯವರು ಅದನ್ನು ಹಿಂದಕ್ಕೆ ಪಡೆಯುವ ಗಡುವಾದರೋ ಸಾಮಾನ್ಯವಾಗಿ ಕೆಲವೇ ದಿನಗಳದು. ದೋಷವು ಯಂತ್ರದ್ದೋ ಆಟದ್ದೋ ಎಂಬುದನ್ನು ಅಷ್ಟರೊಳಗೆ ನಿರ್ಣಯಿಸಬೇಕು. ಇದಕ್ಕೆ ಭೌತಶಾಸ್ತ್ರದ ಕೆಲವು ಸರಳ ಸಂಗತಿಗಳು ಹೇಗೆ ನೆರವಾಗುತ್ತವೆಂಬುದನ್ನು ನೋಡೋಣ.

ಪತ್ರ ಬರೆಯುವಾಗ ಪ್ರೊಸೆಸರಿಗೆ ಬಹುಪಾಲು ವಿರಾಮವೇ. ಆಟದಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಏಕಕಾಲದಲ್ಲಿ ದುಡಿಯುತ್ತವೆ. ಒಂದೇ ಅಡಾಪ್ಟರು ಎರಡಕ್ಕೂ ವಿದ್ಯುತ್ತನ್ನು ಒದಗಿಸಬೇಕು. ತೆಳುವಾದ ಪೆಟ್ಟಿಗೆಯೊಳಗಿನ ಫ್ಯಾನುಗಳೇ ಎರಡರ ಶಾಖವನ್ನೂ ಹೊರದೂಡಬೇಕು. ಇನ್ನು ವೇಗದ ಮಾತು. 5 ಗಿಗಾಹರ್ಟ್ಸ್ ಆವರ್ತದ ಪ್ರೊಸೆಸರಿನಲ್ಲಿ ಒಂದು ಹೆಜ್ಜೆಗೆ ದೊರೆಯುವ ಅವಧಿಯು ಸೆಕೆಂಡಿನ 500 ಕೋಟಿಯಲ್ಲೊಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕು ಸಹ 6 ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು! ಆ ಅವಧಿಯೊಳಗೆ ಸಂಜ್ಞೆಯು ಟ್ರಾನ್ಸಿಸ್ಟರುಗಳ ಸಾಲನ್ನು ದಾಟಿ 0 ಅಥವಾ 1 ಎಂದು ನೆಲೆಗೊಳ್ಳಬೇಕು. ವೋಲ್ಟೇಜು ಕಡಮೆಯಾದರೆ ಟ್ರಾನ್ಸಿಸ್ಟರು ನಿಧಾನಿಸುತ್ತದೆ, ಸಂಜ್ಞೆ ತಡವಾಗುತ್ತದೆ, 1 ಇರಬೇಕಾದೆಡೆ 0 ದಾಖಲಾಗುತ್ತದೆ. ವೋಲ್ಟೇಜನ್ನು ಏರಿಸೋಣವೆಂದರೆ ಶಾಖದ ಕಾಟ. ಟ್ರಾನ್ಸಿಸ್ಟರುಗಳ ಬದಲಾವಣೆಗೆ ತಗಲುವ ವಿದ್ಯುಚ್ಛಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಇರುವುದರಿಂದ, 1.0 ವೋಲ್ಟು 1.4 ವೋಲ್ಟಾದರೆ ಶಾಖ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಈ ಎರಡು ಅಪಾಯಗಳ ನಡುವಣ ಕಿರುಹಾದಿಯಲ್ಲಿ ಯಂತ್ರ ನಡೆಯಬೇಕು.

ಒಂದೇ ಒಂದು ಅಂಕ ತಪ್ಪಿದರೆ ಏನು ಮಹಾ ಎಂದು ಕೇಳಬಹುದು. ಅದು ಚಿತ್ರದ ಒಂದು ಚುಕ್ಕೆಯ ಬಣ್ಣಕ್ಕೆ ಸೇರಿದ್ದಾದರೆ ಯಾರ ಕಣ್ಣಿಗೂ ಬೀಳದು. ಮೆಮೊರಿಯ ಒಂದು ವಿಳಾಸಕ್ಕೆ ಸೇರಿದ್ದಾದರೆ ಆಟವು ತನ್ನದಲ್ಲದ ಜಾಗಕ್ಕೆ ಕೈಹಾಕುತ್ತದೆ. ಆಗ ವಿಂಡೋಸ್ ಅದನ್ನು ಒಡನೆಯೇ ನಿಲ್ಲಿಸಿಬಿಡುತ್ತದೆ. ಕ್ರ್ಯಾಶ್ ಎಂದು ನಾವು ಶಪಿಸುವುದು ಇದನ್ನೇ. ಆಟವನ್ನು ಬರೆದವರ ತಪ್ಪಿನಿಂದಲೂ ಇದೇ ಪರಿಣಾಮ ಆಗಬಹುದಾದುದರಿಂದ ಮೇಲುನೋಟಕ್ಕೆ ಎರಡನ್ನೂ ಬೇರ್ಪಡಿಸಲಾಗದು.

ತೆರೆಯ ಮೇಲಿನ ಸಂದೇಶವನ್ನೂ ನೆಚ್ಚುವಂತಿಲ್ಲ. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳುಳ್ಳ ಡೆಸ್ಕ್‌ಟಾಪುಗಳಲ್ಲಿ, ಅನ್‌ರಿಯಲ್ ಎಂಜಿನ್ನಿನಿಂದ ರಚಿತವಾದ ಆಟಗಳು ‘ವಿಡಿಯೊ ಮೆಮೊರಿ ಮುಗಿದಿದೆ’ ಎಂದು ಸಾರಿ ನಿಂತುಹೋಗುತ್ತಿದ್ದವು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಹೋದುದು ಸಹಜವೇ. ಆದರೆ ಆ ಮೆಮೊರಿಗೆ ಕೊರತೆಯೇನೂ ಇರಲಿಲ್ಲ. ಅಡಕಮಾಡಿ ಇಟ್ಟಿದ್ದ ಮಾಹಿತಿಯನ್ನು ಬಿಡಿಸುವಾಗ ಪ್ರೊಸೆಸರು ಲೆಕ್ಕ ತಪ್ಪುತ್ತಿತ್ತು. ಆಟವು ಆ ಸೋಲಿಗೆ ಮತ್ತೊಂದರ ಹೆಸರನ್ನು ಹೇಳುತ್ತಿತ್ತು. ಪ್ರೊಸೆಸರು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿ ಪಡೆಯುತ್ತಿದ್ದುದೂ, ಅದರಿಂದ ಒಳಗಿನ ಗಡಿಯಾರ ಮಂಡಲ ಕ್ರಮೇಣ ಸವೆದುದೂ ಕಾರಣವೆಂದು 2024ರಲ್ಲಿ ಕಂಪನಿಯೇ ಪ್ರಕಟಿಸಿತು. ಆ ವರ್ಷದ ಆಗಸ್ಟಿನಲ್ಲಿ ಮೈಕ್ರೋಕೋಡಿನ ತಿದ್ದುಪಡಿ ಹೊರಬಂದಿತು; ವಾರಂಟಿಯನ್ನು 2 ವರ್ಷ ಹೆಚ್ಚಿಸಲಾಯಿತು. ಸವೆದುಹೋದ ಚಿಪ್ಪನ್ನು ಮಾತ್ರ ಯಾವ ತಿದ್ದುಪಡಿಯೂ ಸರಿಪಡಿಸಲಾರದು. ಲ್ಯಾಪ್‌ಟಾಪುಗಳ ಪ್ರೊಸೆಸರುಗಳಿಗೆ ಇದು ತಗಲಿಲ್ಲವೆಂದು ಕಂಪನಿಯ ಹೇಳಿಕೆ. ಆದರೂ ತಪ್ಪು ಒಂದೆಡೆ ಹುಟ್ಟಿ ಇನ್ನೊಂದೆಡೆ ಕಾಣಿಸಿಕೊಳ್ಳುವ ಬಗೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದುದು.

ಹಾಗಾದರೆ ಪತ್ತೆ ಹೇಗೆ? ವಿಂಡೋಸಿನಲ್ಲಿ ‘ರಿಲಯಬಿಲಿಟಿ ಮಾನಿಟರ್’ ಎಂಬ ದಿನಚರಿಯಿದೆ. ಯಾವ ದಿನ ಯಾವುದು ನಿಂತಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ. ಮೊದಲು ಅದನ್ನು ಓದಬೇಕು. ಒಂದೇ ಆಟ ಮತ್ತೆ ಮತ್ತೆ ಬೀಳುತ್ತಿದ್ದು ಉಳಿದವು ಸರಾಗವಾಗಿ ನಡೆಯುತ್ತಿದ್ದರೆ ಅನುಮಾನವು ಆ ಆಟದ ಕಡತಗಳ ಮೇಲೆ. ಸ್ಟೀಮ್ ಮೊದಲಾದವುಗಳಲ್ಲಿ ಕಡತಗಳನ್ನು ಪರೀಕ್ಷಿಸಿ ಸರಿಪಡಿಸುವ ಸೌಕರ್ಯವಿದೆ. ‘ಡಿಸ್‌ಪ್ಲೇ ಡ್ರೈವರು ಉತ್ತರಿಸಲಿಲ್ಲ’ ಎಂಬ ಅರ್ಥದ ದಾಖಲೆಯಿದ್ದರೆ, ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡು ಕಾದು, ಗ್ರಾಫಿಕ್ಸ್ ಚಿಪ್ಪನ್ನು ಹೊಸದಾಗಿ ಆರಂಭಿಸಿದೆಯೆಂದು ತಿಳಿಯಬೇಕು. ಆಗ ಲ್ಯಾಪ್‌ಟಾಪು ತಯಾರಕರು ಕೊಡುವ ಡ್ರೈವರನ್ನು ಹಾಕಿ ನೋಡುವುದು ಯುಕ್ತ. ತೀರ ಹೊಸತೇ ಉತ್ತಮವೆಂಬ ನಿಯಮವೇನೂ ಇಲ್ಲ.

ಶಾಖದ ಮೇಲೆ ಎಲ್ಲರೂ ಬೆರಳು ತೋರಿಸುತ್ತಾರೆ. ಇದು ಅರೆಸತ್ಯ. ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಟ ಕುಂಟುತ್ತದೆಯೇ ಹೊರತು ಸಾಮಾನ್ಯವಾಗಿ ಬೀಳುವುದಿಲ್ಲ. ಹಾಗೆಂದು ರಾಯಚೂರಿನ ಬೇಸಿಗೆಯಲ್ಲಿ ಹಾಸಿಗೆಯ ಮೇಲಿಟ್ಟು, ಗಾಳಿಯ ಕಿಂಡಿಗಳನ್ನು ಮುಚ್ಚಿ ಆಡಬಹುದೆಂದು ನಾವು ಹೇಳುತ್ತಿಲ್ಲ!

ಇದಕ್ಕಿಂತ ಚುರುಕಾದ ಪರೀಕ್ಷೆ ಒಂದುಂಟು. ಆಟದ ಸೆಟ್ಟಿಂಗಿನಲ್ಲಿ ಚಿತ್ರಗಳ ವೇಗವನ್ನು ಸೆಕೆಂಡಿಗೆ 60ಕ್ಕೆ ಮಿತಿಗೊಳಿಸಿ ಒಂದು ಗಂಟೆ ಆಡಿ ನೋಡಬೇಕು. ಬೇರೇನನ್ನೂ ಬದಲಿಸಕೂಡದು, ಎರಡನ್ನು ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಕುಸಿತ ನಿಂತರೆ ದೋಷಕ್ಕೂ ಹೊರೆಗೂ ಸಂಬಂಧವಿರುವ ಸಂಭವ ಹೆಚ್ಚು. ನಿಲ್ಲದಿದ್ದರೆ ಮಿತಿಯನ್ನು ತೆಗೆದು, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 99 ಶೇಕಡಕ್ಕೆ ಇಳಿಸಬೇಕು. ಒಂದೇ ಶೇಕಡ ಇಳಿಸಿದಂತೆ ಕಂಡರೂ ಇದರಿಂದ ಸಾಮಾನ್ಯವಾಗಿ ಟರ್ಬೊ ವೇಗವೇ ನಿಂತುಹೋಗಿ, ಸಂಜ್ಞೆಗಳಿಗೆ ಹೆಚ್ಚು ಕಾಲಾವಕಾಶ ಸಿಗುತ್ತದೆ. ಆಗ ಎಲ್ಲ ಆಟಗಳೂ ನೆಟ್ಟಗೆ ನಡೆದರೆ ಪ್ರೊಸೆಸರನ್ನೋ ಅದಕ್ಕೆ ವಿದ್ಯುತ್ತೊದಗಿಸುವ ಮಂಡಲವನ್ನೋ ಶಂಕಿಸಲು ಆಧಾರ ದೊರೆತಂತಾಯಿತು. ಆಮೇಲೆ ಮೆಮೊರಿಯ ಸರದಿ. ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಬೇಕು. ಇಲ್ಲಿ ಸರಾಸರಿಯ ಮಾತಿಲ್ಲ. ನಿರ್ದುಷ್ಟ ಮೆಮೊರಿಯಿಂದ ಬರಬೇಕಾದ ತಪ್ಪುಗಳ ಸಂಖ್ಯೆ ಸೊನ್ನೆ.

ತಯಾರಕರ ಬಯೋಸ್ ತಿದ್ದುಪಡಿಯನ್ನು ಹಾಕಿದ ಮೇಲೂ ಹಲವು ಆಟಗಳು ಬೀಳುತ್ತಿದ್ದರೆ ಯಂತ್ರವನ್ನು ಬಿಚ್ಚುವ ಗೋಜಿಗೆ ಹೋಗಬಾರದು. ಬಿದ್ದ ದಿನ, ವೇಳೆ, ಆಟದ ಹೆಸರು, ಆಗ ಮಾಡಿದ್ದ ಒಂದೊಂದು ಬದಲಾವಣೆ, ಇವನ್ನು ಒಂದು ಹಾಳೆಯಲ್ಲಿ ಬರೆದು, ಗಡುವು ಮುಗಿಯುವ ಮುನ್ನ ರಸೀತಿಯೊಡನೆ ಅಂಗಡಿಗೆ ಒಯ್ದು, ಬೇರೆ ಯಂತ್ರವನ್ನೇ ಕೇಳುವುದು ಮೇಲು.