ಡಾಕ್ಟರ್ ಸೀಟಿಗೆ ಇನ್ನೊಂದು ವರ್ಷದ ಪಾಠ: ಶುಲ್ಕ ಕಟ್ಟುವ ಮುನ್ನ



ಜೂನ್ ಹೊತ್ತಿಗೆ ತೋಟಗಾರನ ಕೈ ಬರಿದಾಗಿರುತ್ತದೆ. ಗೊಬ್ಬರ, ಮರಗಸಿ, ಆಳುಗಳ ಬಟವಾಡೆಗೆ ಹಣ ಹೋಗಿರುತ್ತದೆ. ಅಡಿಕೆಯ ಹಣ ಕಾಣುವುದು ದೀಪಾವಳಿಯ ಸುಮಾರಿಗೆ, ಕಾಫಿಯದು ಸಂಕ್ರಾಂತಿ ಕಳೆದ ಮೇಲೆ. ಸರಿಯಾಗಿ ಇದೇ ವೇಳೆಗೆ ನೀಟ್ ಫಲಿತಾಂಶ ಹೊರಬಿದ್ದು, ಸೀಟು ಸಿಗದ ಮಕ್ಕಳನ್ನು 'ಲಾಂಗ್ ಟರ್ಮ್' ತರಗತಿಗೆ ಸೇರಿಸಲು ಮೈಸೂರು, ಮಂಗಳೂರುಗಳಿಂದ ಕರೆ ಬರುತ್ತದೆ. ಊಟ, ವಸತಿ ಸೇರಿದರೆ ಖರ್ಚು ಲಕ್ಷ ದಾಟುವುದು ಸಾಮಾನ್ಯ. ಅದೂ ಒಂದೇ ಗಂಟಿನಲ್ಲಿ. ಮರದ ಮೇಲಿನ ಫಸಲನ್ನೇ ವ್ಯಾಪಾರಿಗೆ ಮುಂಗಡವಾಗಿ ಒಪ್ಪಿಸಿ ಶುಲ್ಕ ಕಟ್ಟಿದವರನ್ನು ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ನಾನು ಬಲ್ಲೆ.

ರಾಜ್ಯದಲ್ಲಿ 1994ರಲ್ಲಿ ಸಿಇಟಿ ಬಂದಾಗ ಪಿಯುಸಿ ಅಂಕಕ್ಕೂ ಬೆಲೆಯಿತ್ತು. ನೀಟ್ ನೆಲೆಯೂರಿದ ಮೇಲೆ ವೈದ್ಯಕೀಯಕ್ಕೆ ಪಿಯುಸಿ ಅಂಕ ಅರ್ಹತೆಗಷ್ಟೇ ಸಾಕು. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು, ಎಂ.ಬಿ.ಬಿ.ಎಸ್. ಸೀಟುಗಳು, ಖಾಸಗಿಯವೂ ಸೇರಿ, ಒಂದು ಲಕ್ಷ ಚಿಲ್ಲರೆ. ಎಷ್ಟು ಸಲ ಬೇಕಾದರೂ ಬರೆಯಬಹುದೆಂಬ ನಿಯಮವೇ ಪೋಷಕರನ್ನು ಎರಡನೆಯ, ಮೂರನೆಯ ವರ್ಷಕ್ಕೂ ಎಳೆಯುತ್ತದೆ.

ಆದ್ದರಿಂದ ಹಣ ಕಟ್ಟುವ ಮುನ್ನ ಮಗುವಿನ ಒಎಂಆರ್ ಪ್ರತಿಯನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು ಕೂರಿರಿ. ಎರಡನ್ನೂ ಪರೀಕ್ಷಾ ಸಂಸ್ಥೆಯೇ ಕೊಡುತ್ತದೆ. ಒಟ್ಟು 720 ಅಂಕದಲ್ಲಿ ಜೀವಶಾಸ್ತ್ರಕ್ಕೆ 360, ಭೌತ ಮತ್ತು ರಸಾಯನಶಾಸ್ತ್ರಗಳಿಗೆ ತಲಾ 180. ಸರಿಯುತ್ತರಕ್ಕೆ 4 ಬಂದರೆ ತಪ್ಪಿಗೆ 1 ಹೋಗುತ್ತದೆ. ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ 15 ಸರಿ, 20 ತಪ್ಪು ಬರೆದವನಿಗೆ ಸಿಗುವುದು 40 ಅಂಕ. ಆ ಇಪ್ಪತ್ತನ್ನು ಮುಟ್ಟದೆ ಬಿಟ್ಟಿದ್ದರೆ 60. ನಮ್ಮ ಹಳ್ಳಿಯ ಮಕ್ಕಳು ಜೀವಶಾಸ್ತ್ರವನ್ನು ಹೇಗೋ ದಾಟಿ ಭೌತಶಾಸ್ತ್ರದಲ್ಲಿ ಮುಗ್ಗರಿಸುವುದೇ ಹೆಚ್ಚು. ಕೊರತೆ ಅಷ್ಟೇ ಆಗಿದ್ದರೆ ಇನ್ನೊಂದು ವರ್ಷ ವ್ಯರ್ಥವಲ್ಲ. ಅದಕ್ಕೆ ದೂರದ ಹಾಸ್ಟೆಲೇ ಬೇಕೆಂದೇನೂ ಇಲ್ಲ, ಹುಣಸೂರು, ಕೆ.ಆರ್. ನಗರಗಳಲ್ಲಿ ಒಬ್ಬ ಒಳ್ಳೆಯ ಅಧ್ಯಾಪಕರು ಸಿಕ್ಕರೂ ಸಾಕಾದೀತು. ಕೇಂದ್ರದ 'ಸಾಥಿ' ಪಾಠಗಳು 2023ರಿಂದ ಉಚಿತವಾಗಿ ಸಿಗುತ್ತಿವೆ. ಜೀವಶಾಸ್ತ್ರವೂ ಕೈಕೊಟ್ಟಿದ್ದರೆ, ಡಾಕ್ಟರಾಗುವ ಆಸೆ ಮಗುವಿನದೋ ನಮ್ಮದೋ ಎಂದು ಮೊದಲು ವಿಚಾರಿಸಬೇಕು.

ಸೇರಿಸುವುದೇ ಆದರೆ ಕಂತಿನಲ್ಲಿ ಕಟ್ಟುತ್ತೇವೆಂದು ಹಠ ಹಿಡಿಯಿರಿ, ದೊಡ್ಡ ಕಂತನ್ನು ಜನವರಿಗೆ ದೂಡಿರಿ, ರಸೀದಿ ಪಡೆಯಿರಿ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯಂತೆ, ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂತಿರುಗಿಸಬೇಕು; ಕೇಂದ್ರದ್ದೇ ಹಾಸ್ಟೆಲಾದರೆ ಅದರ ಹಣವನ್ನೂ. ಇದು ಕಾಯ್ದೆಯಲ್ಲ, ಮಾರ್ಗಸೂಚಿ. ಹಾಗಾಗಿ ಆ ಷರತ್ತನ್ನು ಸೇರುವಾಗಲೇ ಕಾಗದದ ಮೇಲೆ ಬರೆಸಿಕೊಳ್ಳುವುದು ಕ್ಷೇಮ. ಬೆಳೆಸಾಲವನ್ನು ಮಾತ್ರ ಇದಕ್ಕೆ ತಿರುಗಿಸಬೇಡಿ. ಅವಧಿ ಮೀರಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ, ಮುಂದಿನ ಸಾಲಕ್ಕೂ ತೊಡಕು.

ಕಾಸು ಖರ್ಚಿಲ್ಲದ ಒಂದು ಕೆಲಸವನ್ನು ನಮ್ಮವರು ಕಡೆಗಣಿಸುತ್ತಾರೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿಯಿದೆ. ಶಾಲೆಯ ವ್ಯಾಸಂಗ ಪತ್ರಕ್ಕೆ ಬಿ.ಇ.ಒ. ಮೇಲುಸಹಿ ಬೇಕು. ನಡುವೆ ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ತರಬೇಕು. ಇದನ್ನು ಕೌನ್ಸೆಲಿಂಗ್ ದಿನದವರೆಗೆ ಬಿಡದೆ ಈ ಮಳೆಗಾಲದಲ್ಲೇ ಮಾಡಿಸಿಡಿ.

ಸಿಇಟಿಯನ್ನೂ ಬರೆಸಿರಿ. ಬಿ.ಎಸ್ಸಿ. ಕೃಷಿ ಪದವಿಗೆ ಕೃಷಿಕರ ಮಕ್ಕಳಿಗೆಂದೇ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇವೆ. ತೋಟದಲ್ಲಿ ಬೆಳೆದ ಮಗುವಿಗೆ ಅದೇನೂ ಕಷ್ಟವಲ್ಲ. ಅರಣ್ಯಶಾಸ್ತ್ರದ ಕಾಲೇಜು ಇಲ್ಲೇ ಪಕ್ಕದ ಪೊನ್ನಂಪೇಟೆಯಲ್ಲಿದೆ.