ವಾಪೀಪೂರಣಗಣಿತವೂ ಕೋಲಾರ ಸೀಮೆಯ ಕೆರೆಗಳೂ

ಪ್ರಾಚೀನ ಗಣಿತಗ್ರಂಥಗಳಲ್ಲಿ ವಾಪೀಪೂರಣವೆಂಬ ಒಂದು ಪ್ರಕರಣವುಂಟು. ಜಲಾಶಯಕ್ಕೆ ಹಲವು ಮುಖಗಳಿಂದ ನೀರು ಬರುವಲ್ಲಿ, ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಅದು ಎಷ್ಟು ಕಾಲಕ್ಕೆ ತುಂಬುವುದೆಂಬುದು ಅಲ್ಲಿಯ ಪ್ರಶ್ನೆ. ಸುಮಾರು ಕ್ರಿ. ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಇದನ್ನು ವಿಚಾರಿಸಿರುವನು. ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನೆಂಬುದು, ಎರಡು ಭಾಷೆಗಳೂ ಬೆರೆತಿರುವ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಉಪಾಧ್ಯಾಯರಿಗೆ ಪ್ರಿಯವಾದ ಸಂಗತಿಯೇ ಸರಿ.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಹೇಳುವ ವಿಧಾನವಿದು: ಕಾಲಗಳ ಛೇದಗಳನ್ನು ಅಂಶಗಳಿಂದ ಭಾಗಿಸಿ, ಬಂದ ಫಲಗಳನ್ನು ಕೂಡಿ, ಆ ಮೊತ್ತದಿಂದ ಒಂದನ್ನು ಭಾಗಿಸಬೇಕು. ನಾಲ್ಕು ಝರಿಗಳು ಬೇರೆಬೇರೆಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೆಯ ಒಂದು ಭಾಗ, ಆರನೆಯ ಒಂದು ಭಾಗಗಳಲ್ಲಿ ತುಂಬಿಸುವುವೆಂಬುದು ಆತನ ಉದಾಹರಣೆ. ದಿನವೊಂದಕ್ಕೆ ಅವು ಕ್ರಮವಾಗಿ 1, 2, 3, 6 ಸಲ ತುಂಬಿಸಬಲ್ಲವು, ಒಟ್ಟು 12. ಆದುದರಿಂದ ದಿನದ ಹನ್ನೆರಡನೆಯ ಒಂದು ಭಾಗದಲ್ಲಿ ಕೊಳವು ತುಂಬುವುದು. ಕೂಡಿಸತಕ್ಕದ್ದು ಕಾಲಗಳನ್ನಲ್ಲ, ಒಂದು ದಿನದ ಕೆಲಸವನ್ನು. ಸೂತ್ರದ ಮರ್ಮವೆಲ್ಲ ಇಲ್ಲಿದೆ. ಪಾಠಶಾಲೆಯಲ್ಲಿ ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ.

ಈ ಸೂತ್ರದಲ್ಲಿ ತುಂಬುವ ಮುಖಗಳಿಗೆ ಮಾತ್ರ ಸ್ಥಾನವುಂಟು, ಬರಿದಾಗುವ ಮುಖದ ಮಾತಿಲ್ಲ. ಕೋಲಾರ ಸೀಮೆಯಲ್ಲಿಯಾದರೋ ಆ ಮಾತಿಲ್ಲದೆ ಲೆಕ್ಕವೇ ನಡೆಯದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನಲ್ಲಿ ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಡುವರು. ಮಿಕ್ಕದ್ದು ಕೋಡಿ ಹರಿದು ಕೆಳಗಿನ ಕೆರೆಗೆ ಸೇರುವುದು. ಹೀಗೆ ಮೇಲಿನ ಕೆರೆಯ ವ್ಯಯವೇ ಕೆಳಗಿನದರ ಆಯವಾಗುವುದು. ಇಲ್ಲಿ ಬೇಕಾದ ಧನ–ಋಣಗಳ ನಿಯಮಗಳನ್ನು ಬ್ರಹ್ಮಗುಪ್ತನು 628ರಲ್ಲಿಯೇ ಹೇಳಿದ್ದನು. ತೂಬನ್ನು ಋಣವೆಂದು ಗ್ರಹಿಸಿದರೆ ಭಾಸ್ಕರನ ಸೂತ್ರವೇ ಸಾಕಾಗುವುದು.

ಮಾಲೂರು ಕಡೆಯ ಒಂದು ಕೆರೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಕಾಲುವೆ 12 ದಿನಗಳಲ್ಲಿಯೂ ಇನ್ನೊಂದು 20 ದಿನಗಳಲ್ಲಿಯೂ ಅದನ್ನು ತುಂಬಿಸುವುದು. ತುಂಬಿದ ಕೆರೆಯನ್ನು ತೂಬು 15 ದಿನಗಳಲ್ಲಿ ಬರಿದುಮಾಡುವುದು. ತುಂಬುವ ಕಾಲವನ್ನು ಬೀಜಗಣಿತದ ರೀತಿಯಲ್ಲಿ ಯಾವತ್ತಾವತ್ ಎಂದಿಟ್ಟು, ಕೆರೆಯನ್ನು 60 ಭಾಗಗಳೆಂದು ಎಣಿಸಿದರೆ, ದಿನಕ್ಕೆ ಬರುವುದು 5 ಮತ್ತು 3 ಭಾಗ, ಹೋಗುವುದು 4. ಉಳಿಯುವುದು 4. ಯಾವತ್ತಾವತ್ತಿನ ನಾಲ್ಕರಷ್ಟು 60ಕ್ಕೆ ಸಮ. ಕಾಲವು 15 ದಿನ. ಕಾಲಗಳನ್ನೇ ಕೂಡಿ ಕಳೆದವನಿಗೆ 17 ಬರುವುದು. ಉತ್ತರವು ನಿಜಕ್ಕೆ ಹತ್ತಿರವಾಗಿ ಕಾಣುವುದರಿಂದ ಈ ತಪ್ಪು ಇನ್ನೂ ಅಪಾಯಕರ.

ಅಂಥದೇ ಇನ್ನೊಂದು ತೂಬನ್ನು ತೆರೆದರೆ ಬರುವುದೂ 8, ಹೋಗುವುದೂ 8. ಆಗ 60ನ್ನು ಶೂನ್ಯದಿಂದ ಭಾಗಿಸಬೇಕಾಗುವುದು. ಭಾಸ್ಕರನು ಖಹರವೆಂದು ಕರೆದು, ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲದ್ದೆಂದು ಅನಂತನಿಗೆ ಹೋಲಿಸಿದ ರಾಶಿಯಿದು. ಇಂದಿನ ಗಣಿತವು ಇದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಕೆರೆಯ ಅಂಗಳದಲ್ಲಿ ನಿಂತ ನೀರುಗಂಟಿಗೆ ಇದರ ಅರ್ಥ ಸುಲಭ: ನೀರು ಬರುತ್ತಲೇ ಇದ್ದರೂ ಕೆರೆ ಎಂದಿಗೂ ತುಂಬದು.

ಇದರ ಮೇಲೆ ಎರಡನೆಯ ಕಾಲುವೆಯೂ ಬತ್ತಿತೆಂದರೆ ಬರುವುದು 5, ಹೋಗುವುದು 8. ಲಬ್ಧವು ಋಣ 20 ದಿನ. ಬೀಜಗಣಿತದ ಒಂದು ಪ್ರಶ್ನೆಯಲ್ಲಿ ಕಪಿಗಳ ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಸೇರಿ, ಒಂದು ಮಾತ್ರ ಹೊರಗೆ ಉಳಿಯುವುದು. ಅಲ್ಲಿ 50, 5 ಎಂಬ ಎರಡು ಉತ್ತರಗಳು ಬರಲು, ಐದರ ಐದನೆಯ ಭಾಗದಿಂದ ಮೂರನ್ನು ಕಳೆದರೆ ಋಣವಾಗುವುದೆಂದೂ ಅಂಥದನ್ನು ಲೋಕವು ಒಪ್ಪದೆಂದೂ ಭಾಸ್ಕರನು 5ನ್ನು ಬಿಟ್ಟನು. ಕಪಿಗಳ ವಿಷಯದಲ್ಲಿ ಅದು ಯುಕ್ತವೇ. ಕೆರೆಯ ವಿಷಯದಲ್ಲಿ ಋಣಫಲವನ್ನು ತಳ್ಳಿಹಾಕುವುದು ಮಾತ್ರ ಉಚಿತವಲ್ಲ. ತುಂಬಿದ ಕೆರೆಯು 20 ದಿನಗಳಲ್ಲಿ ಬರಿದಾಗುವುದೆಂಬುದನ್ನು ಅದು ಸ್ಪಷ್ಟವಾಗಿ ಸೂಚಿಸುತ್ತಿದೆ. ಬೆಳೆಯನ್ನಿಟ್ಟವನಿಗೆ ಇದಕ್ಕಿಂತ ಮುಖ್ಯವಾದ ಉತ್ತರ ಬೇರೆ ಯಾವುದು?

ಈ ಗಣಿತವೆಲ್ಲವೂ ಪ್ರವಾಹವು ಸಮಗತಿಯೆಂಬ ಗ್ರಹಿಕೆಯ ಮೇಲೆ ನಿಂತಿರುವುದು. ನಿಜವಾದ ಕೆರೆಯಲ್ಲಿ ನೀರಿನ ಮಟ್ಟ ಇಳಿದಂತೆ ತೂಬಿನ ವೇಗವೂ ತಗ್ಗುವುದು. ನೀರು ಹರಡಿದಷ್ಟೂ ಬಿಸಿಲಿಗೆ ಆರುವುದು ಹೆಚ್ಚು. ಕಾಲುವೆಯಂತೂ ಮಳೆಯ ಅಧೀನ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. ಅದರ ಯೋಜಿತ ಪ್ರಮಾಣ ದಿನಕ್ಕೆ 440 ದಶಲಕ್ಷ ಲೀಟರು. ಯಂತ್ರಗಳು ಎತ್ತಿ ಕಳುಹಿಸುವ ಈ ನೀರು ಮಳೆಯ ಹೊನಲಿಗಿಂತ ಸೂತ್ರದ ಸಮಗತಿಗೆ ಹೆಚ್ಚು ಹತ್ತಿರವಾದುದು. ಆದರೆ ಯೋಜನೆಯ ಉದ್ದೇಶವು ಅಂತರ್ಜಲದ ಪೂರಣವಾದುದರಿಂದ ಋಣದ ಅರ್ಥವೇ ಇಲ್ಲಿ ಬದಲಾಗುವುದು: ನೆಲಕ್ಕೆ ಇಂಗುವ ನೀರು ಕೆರೆಯ ಲೆಕ್ಕದಲ್ಲಿ ಋಣ, ಸುತ್ತಲಿನ ಬಾವಿಗಳ ಲೆಕ್ಕದಲ್ಲಿ ಧನ.