ಗರ್ಭಾಶಯವನ್ನು ತೆಗೆಸುವ ಮುನ್ನ

ನಮ್ಮ ಗೋಕಾಕ ಸೀಮೆಯಲ್ಲಿ ‘ಗರ್ಭಚೀಲ ತೆಗೆಸಿದರು’ ಎಂಬ ಮಾತು ಈಗ ‘ಹಲ್ಲು ಕೀಳಿಸಿದರು’ ಎಂಬಷ್ಟೇ ಸಲೀಸಾಗಿ ಕೇಳಬರುತ್ತಿರುವದು. ಕೊಣ್ಣೂರಿನ ಸಂತೆಯಲ್ಲಿ ಕಾಯಿಪಲ್ಲೆಯ ಬುಟ್ಟಿಯ ಮುಂದೆ ಕುಳಿತ ಹೆಂಗಸರು ಒಬ್ಬರನ್ನೊಬ್ಬರು ಕುಶಲ ಕೇಳುವಾಗಲೂ ಈ ಮಾತು ನಡುವೆ ಬಂದು ಹೋಗುವದು. ಚೀಲವೆಂಬ ಹೆಸರೇ ಇಷ್ಟು ಸಲಿಗೆಗೆ ಕಾರಣವಾಯಿತೋ ಏನೋ! ಒಳಗಿನ ಸರಕು ತೆಗೆದ ಮೇಲೆ ಚೀಲವನ್ನು ಮೂಲೆಗೆ ಎಸೆಯುವದು ಲೋಕರೂಢಿಯಷ್ಟೆ. ಸಂಸ್ಕೃತದವರು ಅದನ್ನು ಗರ್ಭಾಶಯವೆಂದರು. ಆಶಯವೆಂದರೆ ನೆಲೆ, ಇರುವ ಸ್ಥಾನ. ನೆಲೆಯನ್ನು ಕೆಡಹುವ ಮುನ್ನ ಎರಡು ಸಲ ಯೋಚಿಸಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅರವತ್ತರ ಹೊಸ್ತಿಲಲ್ಲಿರುವ ಗಂಡಸಿಗೆ, ಅದರಲ್ಲಿಯೂ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದ ಮಾಸ್ತರನಿಗೆ, ಈ ವಿಷಯದ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಆಸ್ಪತ್ರೆಯ ಸಮ್ಮತಿಪತ್ರದ ಮೇಲೆ ಮನೆಯ ಯಜಮಾನನ ಸಹಿಯನ್ನು ಕೇಳುವ ರೂಢಿ ಇರುವವರೆಗೆ, ಸಹಿ ಮಾಡುವವನಿಗೆ ಈ ವಿಷಯವು ತಿಳಿದಿರುವದು ಒಳ್ಳೆಯದೆಂದೇ ನಮ್ಮ ಉತ್ತರ. ನಿಜವಾಗಿ ನೋಡಿದರೆ ಪ್ರಾಪ್ತವಯಸ್ಕಳಾದ ಹೆಂಗಸಿನ ಶರೀರಕ್ಕೆ ಅವಳ ಸಮ್ಮತಿಯೇ ಸಮ್ಮತಿ. ದಿಲ್ಲಿಯಲ್ಲಿ 1995ರಲ್ಲಿ ನಾಲ್ವತ್ತನಾಲ್ಕು ವರ್ಷದ ಮಹಿಳೆಯೊಬ್ಬರು ದುರ್ಬೀನು ಹಾಕಿ ಪರೀಕ್ಷಿಸುವದಕ್ಕೆಂದು ಒಪ್ಪಿ ಮಲಗಿದರು. ಅವರು ಮತ್ತಿನಲ್ಲಿದ್ದಾಗಲೇ, ತಾಯಿಯ ಒಪ್ಪಿಗೆಯೊಂದನ್ನೇ ಪಡೆದು, ಗರ್ಭಾಶಯವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. 2008ರ ಜನೇವರಿ 16ರಂದು ಸುಪ್ರೀಮ್ ಕೋರ್ಟು ಇದನ್ನು ತಪ್ಪೆಂದು ನಿರ್ಣಯಿಸಿತು: ಪರೀಕ್ಷೆಗೆ ಕೊಟ್ಟ ಸಮ್ಮತಿ ಶಸ್ತ್ರಕ್ರಿಯೆಗೆ ಸಮ್ಮತಿಯಾಗದು.

ಕಿಬ್ಬೊಟ್ಟೆಯ ನೋವು ಆರು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಕಾಡಿದರೆ ವೈದ್ಯರು ಅದನ್ನು ದೀರ್ಘಕಾಲದ ವ್ಯಥೆಯೆಂದು ಎಣಿಸುವರು. ಈ ವ್ಯಥೆ ಹೊಸದೇನಲ್ಲ. ಚರಕಸಂಹಿತೆಯಲ್ಲಿ ಸ್ತ್ರೀರೋಗಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ‘ಉದಾವರ್ತಿನೀ’ ಎಂಬುದು ಮುಟ್ಟಿನ ಕಾಲಕ್ಕೆ ಹಿಂಡುವ ನೋವು ಹುಟ್ಟಿಸಿ, ಸ್ರಾವವಾದೊಡನೆ ಶಮನವಾಗತಕ್ಕದ್ದು. ನೋವು ಒಂದೇ ಆದರೂ ಅದರ ಮೂಲ ಹಲವು ಎಂಬ ವಿವೇಕವು ಆ ವಿಂಗಡಣೆಯಲ್ಲಿ ಕಾಣುವದು. ಇಂದಿನ ವೈದ್ಯಶಾಸ್ತ್ರವೂ ಮೊದಲು ಕೇಳುವ ಪ್ರಶ್ನೆ ಇದೇ: ನೋವು ಎಲ್ಲಿಂದ ಬರುತ್ತದೆ?

ಗರ್ಭಾಶಯದ ಒಳಪದರವನ್ನು ಹೋಲುವ ಮಾಂಸವು ಅದರ ಸ್ನಾಯುಗೋಡೆಯೊಳಗೇ ಹೊಕ್ಕು ಬೆಳೆಯುವದುಂಟು. ಇದಕ್ಕೆ ಅಡಿನೊಮಯೋಸಿಸ್ ಎನ್ನುವರು. ಗರ್ಭಾಶಯದಲ್ಲಿ ಫೈಬ್ರಾಯ್ಡ್ ಎಂಬ ಗಂಟುಗಳೂ ಆಗುವವು. ಇವು ಗರ್ಭಾಶಯದವೇ ಆದ ವ್ಯಾಧಿಗಳು. ಆದರೆ ಅದೇ ಬಗೆಯ ಮಾಂಸವು ಗರ್ಭಾಶಯದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಇಲ್ಲಿ ಗರ್ಭಾಶಯವನ್ನಷ್ಟೇ ತೆಗೆದರೆ ಹೊರಗೆ ಬೆಳೆದದ್ದು ಇದ್ದಲ್ಲಿಯೇ ಉಳಿಯುವದು. ಇನ್ನು ಹಳೆಯ ಸೋಂಕಿನಿಂದ ಅಥವಾ ಕ್ಷಯದಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಎಳೆಯುವದುಂಟು, ಮೂತ್ರಕೋಶದ ಉರಿಯುಂಟು, ಮಲಬದ್ಧತೆಯೂ ಕರುಳಿನ ಸೆಳೆತವೂ ಉಂಟು, ಸೊಂಟದ ತಳದ ಸ್ನಾಯುಗಳು ಬಿಗಿದು ಗಂಟಾಗುವದುಂಟು, ಸಿಜೇರಿಯನ್ ಗಾಯದ ಕಲೆಯಲ್ಲಿ ನರವೊಂದು ಸಿಲುಕಿ ಚುಚ್ಚುವದುಂಟು. ಇವುಗಳಲ್ಲಿ ಎರಡು ಮೂರು ಕೂಡಿಯೇ ಒಬ್ಬಳನ್ನು ಕಾಡಬಹುದು. ವರ್ಷಗಟ್ಟಲೆ ನೋವುಂಡ ಶರೀರದಲ್ಲಿ ನರಗಳೇ ನೋವಿನ ಪಾಠವನ್ನು ಕಂಠಸ್ಥ ಮಾಡಿಕೊಂಡು, ಮೂಲ ಕಾರಣ ತಗ್ಗಿದ ಮೇಲೆಯೂ ಅದನ್ನೇ ಒಪ್ಪಿಸುತ್ತಿರುವದೂ ಉಂಟು. ಇಷ್ಟೆಲ್ಲದರ ನಡುವೆ ಅಪರಾಧಿಯೆಂದು ಮೊದಲು ಹಿಡಿಯಲ್ಪಡುವದು ಮಾತ್ರ ಗರ್ಭಾಶಯವೇ.

ಅಮೇರಿಕೆಯಲ್ಲಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಲ್ಲಿ ನೆನೆಯತಕ್ಕದ್ದು. ನೋವು ಗರ್ಭಾಶಯದ್ದೇ ಎಂದು ವೈದ್ಯರು ನಂಬಿ ಶಸ್ತ್ರಕ್ರಿಯೆ ಮಾಡಿದ 99 ಹೆಂಗಸರನ್ನು ಮುಂದೆ ವಿಚಾರಿಸಲಾಗಿ, ನೂರಕ್ಕೆ 22ರಷ್ಟು ಮಂದಿಗೆ ನೋವು ಉಳಿದೇ ಇತ್ತು. ಮಿಕ್ಕವರಿಗೆ ಗುಣವಾಯಿತೆಂಬುದನ್ನೂ ನಾವು ಮರೆಯಲಾಗದು. ಆದರೆ ಹೊಟ್ಟೆ ಕೊಯ್ಸಿಕೊಂಡು, ಸಾಲ ಮಾಡಿ ಮನೆಗೆ ಬಂದವಳಿಗೆ ಅದೇ ನೋವು ಮತ್ತೆ ಎದುರಾದರೆ ಅವಳ ಮಾತನ್ನು ಮನೆಯಲ್ಲಿ ಯಾರು ನಂಬುವರು?

ನಮ್ಮ ಬಳಿ ಓದಿದ ಹೆಣ್ಣುಮಗಳೊಬ್ಬಳು, ಈಗ ಗೋಕಾಕ ಫಾಲ್ಸಿನ ಗಿರಣಿಯ ನೌಕರನ ಹೆಂಡತಿ, ಎರಡು ಮಕ್ಕಳ ತಾಯಿ, ಮೂವತ್ನಾಲ್ಕರ ವಯಸ್ಸಿನವಳು, ಒಂದು ದಿನ ಸ್ಕ್ಯಾನಿನ ಕಾಗದವನ್ನು ಹಿಡಿದು ನಮ್ಮ ಮನೆಗೆ ಬಂದಳು. ಆರು ವರ್ಷದ ನೋವು. ಖಾಸಗಿ ದವಾಖಾನೆಯೊಂದರಲ್ಲಿ ಎಂಟು ದಿವಸದೊಳಗೆ ಶಸ್ತ್ರಕ್ರಿಯೆ ಮಾಡಿಸದಿದ್ದರೆ ಮುಂದೆ ಕ್ಯಾನ್ಸರ್ ಆದೀತೆಂದು ಹೇಳಿದ್ದರಂತೆ. “ಗುರುಗಳ, ಇದರಾಗ ಏನ ಬರದಾರ ಸ್ವಲ್ಪ ಓದಿ ಹೇಳ್ರಿ” ಎಂದಳು. ಕಾಗದದಲ್ಲಿದ್ದುದು ‘ಬಲ್ಕಿ ಯುಟೆರಸ್’ ಎಂಬ ಎರಡು ಶಬ್ದ. ಹಾಗೆಂದರೆ ಗರ್ಭಾಶಯವು ತುಸು ದಪ್ಪಗಿದೆಯೆಂದು ಮಾತ್ರ ಅರ್ಥ. ಹೆತ್ತವರಲ್ಲಿ ಹಾಗಿರುವದು ಸಾಮಾನ್ಯ. ಅದು ರೋಗದ ಹೆಸರೇ ಅಲ್ಲ. “ಅವಸರ ಮಾಡಬ್ಯಾಡವ್ವಾ, ಇನ್ನೊಬ್ಬ ಡಾಕ್ಟರಿಗೆ ತೋರಸು” ಎಂದಷ್ಟೇ ನಾವು ಹೇಳಿದೆವು. ಬೆಳಗಾವಿಗೆ ಹೋಗಿ ತೋರಿಸಲು, ಅಲ್ಲಿಯ ವೈದ್ಯೆಯೊಬ್ಬರು ಮುಕ್ಕಾಲು ಗಂಟೆ ಕುಳ್ಳಿರಿಸಿಕೊಂಡು ವಿಚಾರಿಸಿದರು: ನೋವು ಯಾವ ದಿನ ಹೆಚ್ಚು, ಮಲವಿಸರ್ಜನೆಯ ಕಾಲಕ್ಕೆ ಹೇಗೆ, ಗಂಡನೊಡನೆ ಕೂಡುವಾಗ ಹೇಗೆ ಎಂದು. ಈ ಕೊನೆಯ ಪ್ರಶ್ನೆಯನ್ನು ಅಲ್ಲಿಯವರೆಗೆ ಅವಳಿಗೆ ಯಾರೂ ಕೇಳಿರಲಿಲ್ಲವಂತೆ. ಎಂಡೊಮೆಟ್ರಿಯೋಸಿಸ್ ಇರಬೇಕೆಂದೂ ಸೊಂಟದ ಸ್ನಾಯುಗಳು ಬಿಗಿದಿವೆಯೆಂದೂ ತಿಳಿಯಿತು. ಡೈನೊಜೆಸ್ಟ್ ಎಂಬ ಗುಳಿಗೆಯೂ ಸ್ನಾಯು ಸಡಿಲಿಸುವ ವ್ಯಾಯಾಮವೂ ಮೊದಲಾದವು. ಈಗ ನೋವು ಅರ್ಧಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ಮುಂದೆ ಶಸ್ತ್ರಕ್ರಿಯೆ ಬೇಕಾಗಬಹುದು, ಬೇಡವಾಗಲೂಬಹುದು. ನಿರ್ಣಯವನ್ನು ಅವಳೇ ತನ್ನ ಕೈಯಲ್ಲಿಟ್ಟುಕೊಂಡಿರುವಳು.

ಕ್ಯಾನ್ಸರಿನ ಹೆದರಿಕೆಯೇ ಈ ವ್ಯವಹಾರದ ದೊಡ್ಡ ಬಂಡವಾಳ. ಬಿಳಿಸೆರಗು ಹೋಗುವದು ಬಹುತರವಾಗಿ ಸೋಂಕಿನಿಂದ, ಗುಳಿಗೆಗಳಿಂದ ವಾಸಿಯಾಗತಕ್ಕದ್ದು. ಗರ್ಭಕಂಠದ ಕ್ಯಾನ್ಸರಿನ ಸಂಶಯವಿದ್ದರೆ ಅದಕ್ಕೆ ಪ್ರತ್ಯೇಕ ಪರೀಕ್ಷೆಗಳಿವೆ. ಮೂವತ್ತು ದಾಟಿದ ಹೆಂಗಸರಿಗೆ ಸರಕಾರಿ ಆರೋಗ್ಯಕೇಂದ್ರಗಳಲ್ಲಿಯೇ ಅವನ್ನು ಮಾಡುವ ಯೋಜನೆಯುಂಟು. ಪರೀಕ್ಷೆಯಿಲ್ಲದೆ ಬರಿಯ ಭಯದ ಮೇಲೆ ಅಂಗವನ್ನು ಕಳೆದುಕೊಳ್ಳುವದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಈ ಭಯಕ್ಕೆ ಯಾರು ಬಲಿಯಾಗುವರೆಂಬುದನ್ನು ನಮ್ಮ ನಾಡೇ ಕಂಡಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ಇತರ ಬಡಮನೆಗಳ ಎಳೆವಯಸ್ಸಿನ ಹೆಣ್ಣುಮಕ್ಕಳಿಗೆ, ಹೊಟ್ಟೆನೋವು ಬೆನ್ನುನೋವೆಂದು ಬಂದವರಿಗೂ ಸಹ, ಗರ್ಭಾಶಯ ತೆಗೆದ ಸಂಗತಿ 2015ರಲ್ಲಿ ಬೈಲಿಗೆ ಬಂದು ಸರಕಾರವು ವಿಚಾರಣೆ ನಡೆಸಬೇಕಾಯಿತು. ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯವು 2019ರಲ್ಲಿ ಅಲ್ಲಿಯ ಸರಕಾರದ ಸಮಿತಿಯ ಮುಂದೆ ಬಂದಿತು. ಆ ಸೀಮೆಯ ಟೋಳಿಗಳು ನಮ್ಮ ಕಡೆಯ ಕಬ್ಬಿನ ಹೊಲಗಳಿಗೂ ಬರುವವು. ಒಂದು ದಿನ ಕೆಲಸ ತಪ್ಪಿದರೆ ದಂಡ ತೆರಬೇಕಾದ ಬಾಳಿನಲ್ಲಿ ತಿಂಗಳ ನೋವೇ ಶತ್ರುವೆನಿಸಿದರೆ ಆಶ್ಚರ್ಯವೇನು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2015-16ರಲ್ಲಿ ಲೆಕ್ಕ ಹಾಕಿದಾಗ, ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 3.2ರಷ್ಟು ಮಂದಿ ಗರ್ಭಾಶಯ ತೆಗೆಸಿಕೊಂಡವರಿದ್ದರು. ಮೂರರಲ್ಲಿ ಎರಡು ಪಾಲು ಶಸ್ತ್ರಕ್ರಿಯೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಕೊನೆಗೆ 2023ರ ಏಪ್ರಿಲ್ 5ರಂದು ಸುಪ್ರೀಮ್ ಕೋರ್ಟು, ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರವು 2022ರಲ್ಲಿ ಹೊರಡಿಸಿದ ಸೂಚನೆಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞೆ ಮಾಡಿತು. ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕೆಂಬುದು ಆ ಸೂಚನೆಗಳಲ್ಲೊಂದು.

ಇಷ್ಟನ್ನು ಓದಿದ ಅತ್ತೆಯೊಬ್ಬರು ‘ನೋಡಿದಿಯಾ, ನಾ ಹೇಳಿರಲಿಲ್ಲವೆ?’ ಎಂದು ಸೊಸೆಯ ನೋವನ್ನು ಅಲ್ಲಗಳೆಯಲು ಹೊರಟರೆ ನಮ್ಮ ಬರವಣಿಗೆ ವ್ಯರ್ಥವಾದಂತೆ. ತೆಗೆಸಲೇಬೇಕಾದವರೂ ಇರುವರು. ನಮ್ಮೊಡನೆ ಕೆಲಸ ಮಾಡಿದ ಶಿಕ್ಷಕಿಯೊಬ್ಬರಿಗೆ ಅಡಿನೊಮಯೋಸಿಸ್ ಇದ್ದಿತು. ಗುಳಿಗೆ ತಿಂದರು, ಗರ್ಭಾಶಯದೊಳಗೆ ಇರಿಸುವ ಹಾರ್ಮೋನಿನ ಕಾಪರ್‌-ಟಿ ಯಂಥ ಸಾಧನವನ್ನೂ ಹಾಕಿಸಿದರು. ಅದರಿಂದ ಅನೇಕರಿಗೆ ಸುಖವಾಗುವದು, ಇವರಿಗೆ ಆಗಲಿಲ್ಲ. ತಿಂಗಳಲ್ಲಿ ಹತ್ತು ದಿನ ರಕ್ತ, ಮುಖವೆಲ್ಲ ಬಿಳಿಚಿ ಹಲಗೆಯ ಮುಂದೆ ನಿಲ್ಲಲಾರದ ಸ್ಥಿತಿ. ‘ಗರ್ಭಚೀಲ ಹೋದರೆ ಹೆಣ್ತನ ಹೋದೀತು’ ಎಂಬ ಮನೆಯವರ ಮಾತಿಗೆ ಕಟ್ಟುಬಿದ್ದು ನಾಲ್ಕು ವರ್ಷ ತಡೆದರು. ನಾಲ್ವತ್ನಾಲ್ಕನೆಯ ವಯಸ್ಸಿಗೆ, ಅಂಡಾಶಯಗಳನ್ನು ಉಳಿಸಿ, ಗರ್ಭಾಶಯವನ್ನಷ್ಟೇ ತೆಗೆಸಿದರು. ಈಗ ಸುಖವಾಗಿರುವರು, ಆ ನಾಲ್ಕು ವರ್ಷಗಳನ್ನು ಮಾತ್ರ ಯಾರೂ ಅವರಿಗೆ ಮರಳಿ ಕೊಡಲಾರರು. ವ್ಯಾಧಿ ಗರ್ಭಾಶಯದ್ದೇ ಎಂದು ಸಿದ್ಧವಾಗಿ, ಮಕ್ಕಳು ಸಾಕೆಂದು ನಿಶ್ಚಯವಾಗಿ, ಸೌಮ್ಯೋಪಾಯಗಳು ಸೋತ ಮೇಲೆ ಶಸ್ತ್ರವೇ ಔಷಧ. ಹೆಣ್ತನವು ಗರ್ಭಾಶಯದಲ್ಲಿ ಇಲ್ಲ.

ಅಂಡಾಶಯಗಳ ವಿಷಯವು ಬೇರೆಯೇ ಒಂದು ನಿರ್ಣಯ; ಅದನ್ನು ಬಹುಮಂದಿ ಕೇಳುವದೇ ಇಲ್ಲ. ‘ಹೇಗೂ ಹೊಟ್ಟೆ ತೆರೆದಿದೆ, ಅವನ್ನೂ ತೆಗೆದುಬಿಡೋಣ’ ಎಂಬುದು ಕೆಲವರ ವಾದ. ಅವು ಹೋದೊಡನೆ ಮುಟ್ಟು ನಿಲ್ಲುವ ಕಾಲವು ಒಂದೇ ದಿನದಲ್ಲಿ ಬಂದಪ್ಪಳಿಸುವದು: ಮೈಯುರಿ, ನಿದ್ರಾಹೀನತೆ, ಮುಂದೆ ಎಲುಬಿನ ಸವಕಳಿ, ಹೃದಯಕ್ಕೆ ಅಪಾಯ. ಅಮೇರಿಕೆಯ 29,380 ದಾದಿಯರನ್ನು 24 ವರ್ಷ ಅನುಸರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಾಶಯದೊಡನೆ ಅಂಡಾಶಯಗಳನ್ನೂ ಕಳೆದುಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರ್ ಕಡಿಮೆಯಾದರೂ ಒಟ್ಟು ಮರಣವು ಹೆಚ್ಚಾಗಿ ಕಂಡಿತು. ಇದಕ್ಕೆ ಎದುರಾದ ಮಾತೂ ಉಂಟು. ತೀವ್ರ ಎಂಡೊಮೆಟ್ರಿಯೋಸಿಸ್ ಇದ್ದ 138 ಹೆಂಗಸರ 1995ರ ಅಧ್ಯಯನದಲ್ಲಿ, ಅಂಡಾಶಯ ಉಳಿಸಿದವರಲ್ಲಿ ನೂರಕ್ಕೆ 62 ಮಂದಿಗೆ ನೋವು ಮರಳಿತು, ತೆಗೆಸಿದವರಲ್ಲಿ ನೂರಕ್ಕೆ 10 ಮಂದಿಗೆ. ಒಂದು ಕೈಯಲ್ಲಿ ಕೊಟ್ಟುದನ್ನು ದೇವರು ಇನ್ನೊಂದು ಕೈಯಲ್ಲಿ ಕಸಿದಂತೆ ತೋರುವದು. ವಯಸ್ಸು, ವ್ಯಾಧಿ, ನೋವಿನ ತೀವ್ರತೆ ಇವುಗಳನ್ನು ತೂಗಿ ಅವಳೂ ವೈದ್ಯರೂ ಕೂಡಿ ತೀರ್ಮಾನಿಸಬೇಕಾದ ಲೆಕ್ಕವಿದು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ತೀರ್ಮಾನಿಸುವಂಥದಲ್ಲ.

ಶಸ್ತ್ರಕ್ರಿಯೆಯಾದರೆ, ತೆಗೆದ ಮಾಂಸವನ್ನು ಪ್ರಯೋಗಶಾಲೆಗೆ ಕಳಿಸಿ ಬಂದ ವರದಿಯನ್ನು ಕೇಳಿ ಪಡೆದು ಮನೆಯ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದನ್ನೂ ಬರೆಸಿಕೊಳ್ಳತಕ್ಕದ್ದು. ತನ್ನ ಅಂಡಾಶಯಗಳು ಇವೆಯೋ ಇಲ್ಲವೋ ಎಂದರಿಯದ ಹೆಂಗಸರನ್ನು ನಾವು ಈ ಊರಲ್ಲಿಯೇ ಬಲ್ಲೆವು. ಆರು ವಾರದವರೆಗೆ ಭಾರ ಎತ್ತಕೂಡದೆಂದು ವೈದ್ಯರು ಹೇಳುವರು. ತುಂಬಿದ ಕೊಡವೂ ಭಾರವೇ, ಮೇವಿನ ಹೊರೆಯೂ ಭಾರವೇ, ಎಡೆಬಿಡದೆ ಅಳುವ ಎರಡು ವರ್ಷದ ಕೂಸೂ ಭಾರವೇ. ಈ ಮೂರನ್ನೂ ಆ ಆರು ವಾರ ಯಾರು ಎತ್ತುವರೆಂಬುದನ್ನು ಮನೆಯ ಗಂಡಸರು ಶಸ್ತ್ರಕ್ರಿಯೆಯ ದಿವಸ ಗೊತ್ತಾಗುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.